ತಾರಸಿಯ ಮೇಲೆ ಗುದ್ದಲಿ ಪೂಜೆ

ತಾರಸಿಯಲ್ಲಿ ಮಣ್ಣೆಲ್ಲಿಂದ ಬರಬೇಕು? ಹೂಕುಂಡದಿಂದ ಒಂದು ಬೊಗಸೆ ಮಣ್ಣು ಸುರಿದು ಅದಕ್ಕೇ ಗುದ್ದಲಿ ತಾಗಿಸಿದೆವು. ಆಗಿನ್ನೂ ಬೆಳಗಿನ ಆರು ಗಂಟೆ ಎನ್ನುತ್ತಾಳೆ ಹೆಂಡತಿ. ನನಗೆ ನೆನಪಿರುವುದು ಕಣ್ಣು ಕುಕ್ಕುವ ಬಿಸಿಲು. ಎರಡೂ ಇರಲಿ.

ಬ್ಯಾಂಕಿನಿಂದ ನಿವೃತ್ತಳಾದವಳು, ವಿಜಯದಶಮಿಗೆ ವೀಣೆ ಪಾಠ ಶುರು ಮಾಡುವುದಾಗಿ ನಾಲ್ಕು ಮಕ್ಕಳಿಗೆ ಮಾತು ಕೊಟ್ಟಿದ್ದಳು. ಅದಕ್ಕೆ ನಮ್ಮ ಜಯನಗರದ ಮನೆಯ ಮೇಲೊಂದು ಕೋಣೆ ಏಳಬೇಕು. ಉಳಿದಿದ್ದು ಮೂರು ವಾರ.

"ಕಾಂಕ್ರೀಟ್ ಮೋಲ್ಡ್ ಹಾಕಿದ್ರೆ ತಾನೇ ಸಾರ್ ಪ್ಲಾನು ಗೀನು? ಶೀಟ್ ಹಾಕಿದ್ರೆ ಯಾರ್ ಕೇಳ್ತಾರೆ?" ಎಂದಿದ್ದ ಮೇಸ್ತ್ರಿ. ನಂಬಿದೆವು. ನಮ್ಮ ಬೀದಿಯೇ ಅದನ್ನು ನಂಬಿ ಬೆಳೆದಿತ್ತು.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಆಂಟಿ ಹಿಂದೆ ಮನೆಗಳ ನಕ್ಷೆ ಬರೆಯುತ್ತಿದ್ದವರು. "ದೇವರ ಪರ್ಮಿಷನ್ ಆಯ್ತು. ಆಫೀಸಿಂದು?" ಎಂದರು.

ಅಂದೇ ಪಾಲಿಕೆ ಕಚೇರಿಗೆ ಓಡಿದೆವು. ಅಂದೇ ಇರಬೇಕು, ಕೈಯಲ್ಲಿನ್ನೂ ಕುಂಕುಮವಿತ್ತು.

"ಬಣ್ಣ ಹೊಡೀತೀರಾ? ಪರ್ಮಿಷನ್ ಬೇಡ. ಟೈಲ್ಸ್ ಬದಲಾಯಿಸ್ತೀರಾ? ಬೇಡ. ಗೋಡೆ ಎಬ್ಬಿಸಿ ಮೇಲೆ ಮುಚ್ತೀರಾ? ಬೇಕು," ಎಂದರು ಎಂಜಿನಿಯರ್ ಮೇಡಂ. "ಶೀಟೋ ಮೋಲ್ಡೋ, ರೂಮು ರೂಮೇ."

ನನಗೆ ಹುರುಪೇರಿತು. "ಕಾಂಪೌಂಡ್ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲಿ?"

"ಅದು ಖಾಲಿ ಅಲ್ಲ ಸಾರ್, ಬಿಟ್ಟಿರೋದು. ಗಾಳಿ ಬೆಳಕಿಗೆ."

ಇಷ್ಟು ವರ್ಷ ಅಲ್ಲಿ ಹಳೇ ಬಕೆಟ್ ಎಸೆದಿದ್ದೇನೆ! ನನ್ನ ಮನೆಯನ್ನು ಅಂದೇ ಮೊದಲ ಸಲ ನೋಡಿದಂತಾಯಿತು. ಇನ್ನೂ ಕೇಳುವುದಿತ್ತು, ಬಾಲ್ಕನಿ, ಮೆಟ್ಟಿಲು, ನೀರಿನ ತೊಟ್ಟಿ.

"ಇವರನ್ನ ಬಿಟ್ರೆ ಸಂಜೆವರೆಗೂ ಕೇಳ್ತಾರೆ," ಎಂದು ಹೆಂಡತಿ ತಡೆದಳು. "ಮೂರು ವಾರದಲ್ಲಿ ಸಿಗತ್ತಾ ಮೇಡಂ?"

"ಹೇಳಕ್ಕಾಗಲ್ಲ. ನಕ್ಷೆ ಕೊಡಿ, ನೋಡ್ಬೇಕು."

"ವಿಜಯದಶಮಿಗೆ ವೀಣೆ ಪಾಠ ಅಂತ ಮಕ್ಕಳಿಗೆ ಮಾತು ಕೊಟ್ಟಿದೀನಿ," ಎಂದು ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು. ಮೇಡಂ ಪೆನ್ನು ಕೆಳಗಿಟ್ಟರು. "ಎಷ್ಟು ಮಕ್ಕಳು?"

"ನಾಲ್ಕು."

"ನಾಲ್ಕು ಮಕ್ಕಳಿಗೆ ಮನೆಯವರೇ ಹೇಳ್ಕೊಟ್ರೆ ಮನೆ ಮನೆಯಾಗೇ ಇರತ್ತೆ. ಇರೋ ರೂಮಲ್ಲೇ ಶುರು ಮಾಡಿ. ಬೋರ್ಡ್ ಹಾಕಿ ದೊಡ್ಡ ಕ್ಲಾಸ್ ಮಾಡೋದಾದ್ರೆ ಮಾತ್ರ ಮತ್ತೆ ಬನ್ನಿ, ಅದು ಬೇರೆ ಲೆಕ್ಕ."

ಇರುವ ರೂಮೆಂದರೆ ನಾನು ಬರೆಯುವ ರೂಮು. ಆಟೋದಲ್ಲಿ ಅವಳು ನನ್ನತ್ತ ತಿರುಗಿದಳು. "ನಿಮ್ಮ ಮೇಜು ಬಾಗಿಲಲ್ಲಿ ಹಿಡಿಯತ್ತಾ?"

ಹಿಡಿಯಲಿಲ್ಲ. ಕಾಲು ಬಿಚ್ಚಿದೆವು. ಬೆವರುತ್ತ ಇಬ್ಬರೂ ನಗುತ್ತಿದ್ದೆವು, ಅಥವಾ ನಾನೊಬ್ಬನೇ. ಅರ್ಜಿ ಕೊಟ್ಟಾಗಿದೆ, ಮೇಲಿನ ಕೋಣೆ ಇನ್ನೂ ಕಾಗದದಲ್ಲಿದೆ. ಊಟದ ಮೇಜಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಒಳಗೆ ಯಾವುದೋ ಪುಟ್ಟ ಬೆರಳು ತಪ್ಪು ತಂತಿ ಮೀಟುತ್ತಿದೆ. "ಇನ್ನೊಂದ್ಸಲ," ಎನ್ನುತ್ತಿದ್ದಾಳೆ ಅವಳು.