ಕೋತಿ ನ್ಯಾಯದ ವಾಯಿದೆ

ಹೊನ್ನಾಳಿ ಬಿಟ್ಟ ಬಸ್ಸು ನ್ಯಾಮತಿ ತಲುಪುವ ಮೊದಲೇ ಕೆಟ್ಟು ನಿಂತಿತು. ಕುಡಿಯುವ ನೀರಿಗಾಗಿ ರಸ್ತೆ ಪಕ್ಕದ ಹೈಸ್ಕೂಲಿಗೆ ಹೋದೆ. ಮೇಡಂ ಜೀವವಿಕಾಸದ ಪಾಠ ಮಾಡುತ್ತಿದ್ದರು. ಚಪ್ಪಲಿ ಬಾಗಿಲಾಚೆ ಬಿಟ್ಟು, ಹಿಂದಿನ ಬೆಂಚಿನಲ್ಲಿ ಮೂವರು ಮುದುಕರು ಮಕ್ಕಳಿಗಿಂತ ನೆಟ್ಟಗೆ ಕೂತಿದ್ದರು!

ಪಾಠ ಮುಗಿದು ಹೊರಬಂದ ಮುದುಕರಲ್ಲಿ ಒಬ್ಬರನ್ನು ವಿಚಾರಿಸಿದೆ.

“ನಾವು ಈ ಊರ ಪಂಚರು ರೀ. ನಮ್ಮೂರ ಕೋತಿ ನ್ಯಾಯ ಅಂದ್ರೆ ಜಗಳೂರಿನ ತನಕ ಗೊತ್ತು. ಮನುಷ್ಯಂಗೂ ಕೋತಿಗೂ ಮೂಲ ಒಂದೇ ಅಂತ ಹಿಂದೊಬ್ಬ ಮೇಷ್ಟ್ರು ಪಾಠ ಮಾಡಿದ್ರು. ಅವರನ್ನ ಊರು ಬಿಡಿಸ್ಬೇಕು ಅಂತ ಜನ ಪಂಚಾಯ್ತಿ ಸೇರಿಸಿದ್ರು. ಪಾಠ ಕೇಳದೆ ತೀರ್ಪು ಹೆಂಗೆ ಕೊಡಾಕಾಗ್ತೈತೆ? ಬಂದು ಕುಂತ್ವಿ. ಪೂರ್ತಿ ತಿಳೀಲಿಲ್ಲ. ಮುಂದಿನ ವರ್ಷಕ್ಕೆ ವಾಯಿದೆ ಹಾಕಿದ್ವಿ.”

ಆ ಮೇಷ್ಟ್ರು ಇಲ್ಲೇ ನಿವೃತ್ತರಾದರಂತೆ. ವಾಯಿದೆ ಮಾತ್ರ ವರ್ಷವರ್ಷವೂ ಮುಂದೆ ಹೋಗುತ್ತಿದೆ. ಈ ಪಾಠ ಬಂದಾಗಲೆಲ್ಲ ಮೇಡಂ ಮರೆಯದೆ ಇವರಿಗೆ ಹೇಳಿಕಳಿಸುತ್ತಾರೆ.

ನನಗೆ ಸ್ವಲ್ಪ ರೇಗಿತು. “ದೂರು ಕೊಟ್ಟವರೇ ಮರೆತಿರಬೇಕು. ತೀರ್ಪು ಹೇಳಿ ಮುಗಿಸಬಾರದಾ?” ಎಂದೆ.

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: “ಚಿಕ್ಕೋರಿದ್ದಾಗ ನಮ್ಮನ್ನ ದನ ಕಾಯಾಕೆ ಕಳಿಸಿದ್ರು. ನ್ಯಾಯ ಮುಗಿಸಿದ್ರೆ ಇನ್ನು ಕ್ಲಾಸ್ ಒಳಗೆ ಯಾರು ಕರೀತಾರೆ ರೀ?”