ಗಟ್ಟಿಮೈಯವನು, ಉದ್ದಕಾಲಿನವನು

ಹಳೆಯ ಹತ್ತಿಯನ್ನು ಹಿಂಜಿದಾಗ ಏಳುವ ಧೂಳಿನಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇರುತ್ತದೆ. ಯಾರೋ ವರ್ಷಗಟ್ಟಲೆ ತಲೆಯಿಟ್ಟು ಮಲಗಿದ ದಿಂಬಿನ ವಾಸನೆ ಅದು. ಹೊನ್ನಾಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಊರವರ ಹಾಸಿಗೆ, ದಿಂಬುಗಳನ್ನು ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ನಾನು ಶಾಲೆಯಿಂದ ಬಂದು ಆ ಹತ್ತಿಯ ರಾಶಿಗೇ ಒರಗಿ ಓದುತ್ತಿದ್ದೆ. ರೆಪ್ಪೆಗಳ ಮೇಲೆ ಬಿಳಿ ಎಳೆಗಳು ಬಂದು ಕೂರುತ್ತಿದ್ದವು. ಶನಿವಾರ ಸಂಜೆ ಮಾತ್ರ ಹಿಂಜುವ ಯಂತ್ರ ನಿಲ್ಲುತ್ತಿತ್ತು. ಒಮ್ಮೆ ಕೇಬಲ್‌ನಲ್ಲಿ ಕ್ರಿಕೆಟ್ ಹುಡುಕುವಾಗ ಇಂಗ್ಲೆಂಡಿನ ದೊಡ್ಡ ಲೀಗಿನ ಫುಟ್‌ಬಾಲ್ ಕಣ್ಣಿಗೆ ಬಿದ್ದು, ಅಣ್ಣತಮ್ಮ ಇಬ್ಬರೂ ಅದಕ್ಕೆ ಅಂಟಿಕೊಂಡುಬಿಟ್ಟಿದ್ದರು.

ಹಾಸಿಗೆಯ ಅಂಚನ್ನು ಎದುರುಬದುರು ಕೂತು ಹೊಲಿಯುತ್ತಲೇ ಅವರು ಆಟ ನೋಡುತ್ತಿದ್ದರು. ಆಟಗಾರರ ಹೆಸರುಗಳು ಇಬ್ಬರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಸ್ಟ್ರೈಕರ್ ಅಪ್ಪನಿಗೆ ದೊಡ್ಡವನು; ಅವನನ್ನು ಗಟ್ಟಿಮೈಯವನು ಎನ್ನುತ್ತಿದ್ದರು. ಎಡಬದಿಯಿಂದ ಓಡಿಬಂದು ಚೆಂಡನ್ನು ಮೆಲ್ಲಗೆ ಬಲೆಯ ಮೂಲೆಗೆ ಕಳಿಸುವ ಉದ್ದಕಾಲಿನವನು ಚಿಕ್ಕಪ್ಪನಿಗೆ ಎಲ್ಲರಿಗಿಂತ ಮಿಗಿಲು.

"ಅವನ ಓಟ ನೋಡಣ್ಣ. ನಿನ್ನೋನು ಓಡಿದ್ರೆ ಮೂಟೆ ಉರುಳಿದಂಗೆ ಐತೆ."

"ಓಡಾಕೆ ಕುದುರೆ ಸಾಕು ಕಣಲೇ. ಗೋಲು ಎಷ್ಟು ಹೇಳು."

"ಎಣಿಸಾಕೆ ಅದೇನು ಅಡಿಕೆನಾ?"

ವಾದ ತೀರದಿದ್ದಾಗ ಚಿಕ್ಕಪ್ಪ ನನ್ನತ್ತ ತಿರುಗಿ, "ನೀನ್ ಹೇಳವ್ವ, ಓದೋಳು" ಎನ್ನುತ್ತಿದ್ದರು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಒಬ್ಬರನ್ನು ಗೆಲ್ಲಿಸಿದರೆ ಇನ್ನೊಬ್ಬರು ಮಾತು ನಿಲ್ಲಿಸಿಬಿಡುತ್ತಾರೆಂಬ ಭಯ ನನಗಿತ್ತು. "ಇವಳ ಬಾಯಿಗೂ ಹತ್ತಿ ತುಂಬೀವೇನಲೇ" ಎಂದು ಅಪ್ಪ ನಗುತ್ತಿದ್ದರು. ಸುಮ್ಮನಿರುವುದು ಮುಂದೆ ನನ್ನ ಸ್ವಭಾವವೇ ಆಗಿಹೋಯಿತು.

ಫೋಮ್ ಹಾಸಿಗೆಗಳು ಬಂದ ಮೇಲೆ ಯಂತ್ರ ಹೋಯಿತು. ಚಿಕ್ಕಪ್ಪ ಸವಳಂಗಕ್ಕೆ ಹೋಗಿ ಬೈಕ್ ಸೀಟುಗಳಿಗೆ ಕವರ್ ಹೊಲಿಯುವ ಅಂಗಡಿ ಇಟ್ಟರು. ನಾನು ಓದಿಗೆಂದು ಊರು ಬಿಟ್ಟೆ. ಆದರೂ ಶನಿವಾರ ಅಣ್ಣತಮ್ಮ ಫೋನಿನಲ್ಲಿ ವಾದ ಮಾಡುವುದು ನಿಲ್ಲಲಿಲ್ಲ. ಬೇರೆ ಕ್ಷೇಮಸಮಾಚಾರವಿಲ್ಲದೆ, ಗಟ್ಟಿಮೈಯವನಿಂದಲೇ ಆ ಮಾತು ಶುರುವಾಗುತ್ತಿತ್ತು. ಹೋದ ವರ್ಷ ಅಪ್ಪ ತೀರಿಕೊಂಡರು. ಹೊನ್ನಾಳಿಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ.

ಅದಾದ ಕೆಲವು ತಿಂಗಳಿಗೆ, ಒಂದು ಶನಿವಾರ, ನಾನು ಸವಳಂಗಕ್ಕೆ ಹೋಗಿದ್ದೆ. ಟೀವಿಯಲ್ಲಿ ಈಗಿನ ಕಾಲದ ಹುಡುಗನೊಬ್ಬ, ಎತ್ತರದವನು, ಒಂದೇ ಆಟದಲ್ಲಿ ಮೂರನೆಯ ಗೋಲು ಹೊಡೆದ. "ಅಪ್ಪಾ, ಎಲ್ಲರಿಗಿಂತ ಇವನೇ ದೊಡ್ಡೋನು" ಎಂದಳು ಚಿಕ್ಕಪ್ಪನ ಮಗಳು.

"ಇಲ್ಲವ್ವ. ಗಟ್ಟಿಮೈಯೋನೇ. ಅಣ್ಣ ಹೇಳಿದ್ದೇ ಸರಿ ಇತ್ತು."

ಅಷ್ಟು ಹೇಳಿ ಚಿಕ್ಕಪ್ಪ ಟೀವಿಯ ಧ್ವನಿ ತಗ್ಗಿಸಿದರು. ಇಷ್ಟು ವರ್ಷ ಬಿಟ್ಟುಕೊಡದ ಮಾತನ್ನು, ಎದುರು ವಾದಿಸಲು ಯಾರೂ ಇಲ್ಲವೆಂದು ಅವರು ಬಿಟ್ಟುಕೊಟ್ಟಿದ್ದರು. ಅಪ್ಪ ಇಲ್ಲವೆಂಬುದು ನನಗೆ ಪೂರ್ತಿಯಾಗಿ ತಿಳಿದದ್ದು ಆಗ. ನನ್ನ ತಟ್ಟೆಯಲ್ಲಿದ್ದ ಮಂಡಕ್ಕಿ ಹಾಗೇ ಮೆತ್ತಗಾಯಿತು.

ಮರುದಿನ ಬೆಳಿಗ್ಗೆ ಬಸ್ಸಿಗೆ ಹೊರಟವಳು ಅಂಗಡಿಯ ಬಾಗಿಲಲ್ಲಿ ನಿಂತೆ. ಚಿಕ್ಕಪ್ಪ ಯಾರದೋ ಬೈಕಿನ ಸೀಟಿಗೆ ರೆಕ್ಸಿನ್ ಎಳೆದು ಕೂರಿಸುತ್ತಿದ್ದರು.

"ನಿನ್ನೆ ನೀವು ಹೇಳಿದ್ದು ತಪ್ಪು ಚಿಕ್ಕಪ್ಪ" ಎಂದೆ. "ಉದ್ದಕಾಲಿನೋನೇ ದೊಡ್ಡೋನು."

ಅವರು ರೆಕ್ಸಿನ್ ಬಿಟ್ಟು ತಲೆ ಎತ್ತಿದರು.

"ಅದು ಹೆಂಗೆ ಹೇಳ್ತೀಯ?"

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಚೀಲ ಕೆಳಗಿಳಿಸಿ, ಅವರ ಎದುರಿಗೆ ಕೂತು, ಹೇಳಲು ಶುರು ಮಾಡಿದೆ.