ಮಾವನವರು ನೋಡದ ಮೊಣಕೈ

ಒಲೆಯ ಮೇಲೆ ಎಣ್ಣೆಯ ಬಟ್ಟಲು ಇಟ್ಟ ಸದ್ದು ಕೇಳಿದರೆ ಸಾಕು, ನನ್ನ ಬಲಗೈ ತಾನಾಗಿ ಪಕ್ಕೆಗೆ ಬಂದು ಅಂಟಿಕೊಳ್ಳುತ್ತಿತ್ತು. ನಾನು ಹೇಳಿ ತರಿಸಿದ್ದಲ್ಲ. ಎಣ್ಣೆ ಇನ್ನೂ ಬೆಚ್ಚಗಾಗಿರುತ್ತಿರಲಿಲ್ಲ, ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದಿರುತ್ತಿರಲಿಲ್ಲ, ಅಷ್ಟರೊಳಗೆ ತೋಳಿನ ಸ್ನಾಯುಗಳೆಲ್ಲ ಬಿಗಿದು ಕೂತಿರುತ್ತಿದ್ದವು. ಹೆದರಿಕೆ ಮನಸ್ಸಿನಲ್ಲಿ ಹುಟ್ಟುತ್ತದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನದು ಮೊಣಕೈಯಲ್ಲಿ ಹುಟ್ಟಿ ಆಮೇಲೆ ತಲೆಗೆ ಏರುತ್ತಿತ್ತು.

ಇದು ಅರವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಹುಮನಾಬಾದಿಗೆ ಹೋದ ಮೇಲೆ ಪಂಚಮಿ ಹಬ್ಬಕ್ಕೆಂದು ತವರಿಗೆ, ಬಸವಕಲ್ಯಾಣಕ್ಕೆ, ಬಂದಿದ್ದೆ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಜೀಕುವುದರಲ್ಲಿ ನಾನು ಮೊದಲಿನಿಂದಲೂ ಜೋರು. ಕೂತು ಜೀಕುವುದು ಮುದುಕಿಯರ ಕೆಲಸ ಎಂದು ನನ್ನ ಅಭಿಪ್ರಾಯ. ನಿಂತು ಜೀಕಬೇಕು, ತುದಿಗೆ ಹೋದಾಗ ಮೊಣಕಾಲು ಮಡಚಬೇಕು, ಕೆಳಗೆ ಬರುವಾಗ ತೊಡೆಯಿಂದ ಒತ್ತಿ ಎದ್ದು ನಿಲ್ಲಬೇಕು. ಹಾಗೆ ಎದ್ದು ನಿಲ್ಲುವಾಗಲೇ ಕಾಲು ಜಾರಿತು. ಬಲಗೈ ಊರಿಕೊಂಡು ಬಿದ್ದೆ. ಎದ್ದು ನೋಡಿದರೆ ಮೊಣಕೈಯ ಎಲುಬು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಹಿಂದಕ್ಕೆ ಚಾಚಿಕೊಂಡಿತ್ತು.

ಊರ ಸರ್ಕಾರಿ ದವಾಖಾನೆಯ ಡಾಕ್ಟರು, ನಿಜಾಮರ ಕಾಲದಿಂದಲೂ ಕೆಲಸ ಮಾಡಿಕೊಂಡು ಬಂದ ಮುದುಕರು, ಒಂದೇ ಎಳೆತಕ್ಕೆ ಕೀಲನ್ನು ಜಾಗಕ್ಕೆ ಕೂಡಿಸಿ ಕೈಯನ್ನು ಕೊರಳಿಗೆ ಕಟ್ಟಿದರು. “ನಾ ಹೇಳೋತನಕ ಬಿಚ್ಚಬ್ಯಾಡ್ರಿ, ಬೇಟಿನ್ನ ಮತ್ತ ಕರಕೊಂಡ ಬರ್ರಿ” ಎಂದರು. ಊರ ಹೆಣ್ಣುಮಕ್ಕಳೆಲ್ಲ ಅವರಿಗೆ ಬೇಟಿ, ಅಂದರೆ ಮಗಳು. ಆದರೆ ಸುದ್ದಿ ತಿಳಿದು ಓಡಿಬಂದ ನನ್ನ ಗಂಡ ಮರುದಿನವೇ ನನ್ನನ್ನು ಹುಮನಾಬಾದಿನ ಬಸ್ಸು ಹತ್ತಿಸಿದರು. “ಮನ್ಯಾಗ ಅಪ್ಪ ಇದ್ದಾಗ ದವಾಖಾನಿ ಯಾಕ?” ಎಂದು ಅವರ ವಾದ.

ವಾದದಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮಾವನವರು ಹರೆಯದಲ್ಲಿ ಹೆಸರಾಂತ ಪೈಲ್ವಾನರು. ತಾಲೀಮಿನಲ್ಲಿ, ಅಂದರೆ ನಮ್ಮ ಕಡೆಯ ಗರಡಿಮನೆಯಲ್ಲಿ, ಹುಡುಗರ ಭುಜ ಕಳಚಿದರೆ ಕೂಡಿಸುತ್ತಿದ್ದರು, ಹಿಡಿದುಕೊಂಡ ಕೀಲನ್ನು ಎಣ್ಣೆ ಹಚ್ಚಿ ತಿಕ್ಕಿ ಬಿಡಿಸುತ್ತಿದ್ದರು. ಮುಡಬಿಯಿಂದ, ಮಂಠಾಳದಿಂದ ಗಾಡಿ ಕಟ್ಟಿಕೊಂಡು ಅವರ ಹತ್ತಿರ ಬರುತ್ತಿದ್ದರು. ಅವರ ಬೆರಳು ಮುಟ್ಟಿದರೆ ಒಳಗಿನದು ಕಾಣುತ್ತದೆ ಎಂದು ಜನ ಹೇಳುವುದನ್ನು ನಾನೇ ಕೇಳಿದ್ದೆ.

ಆದರೆ ಅವರ ಬೆರಳು ನನ್ನನ್ನು ಮುಟ್ಟುವಂತಿರಲಿಲ್ಲ. ಮಾವ ಸೊಸೆಯನ್ನು ಮುಟ್ಟುವುದೆಂದರೇನು, ಸೊಸೆ ಮಾವನ ಎದುರು ನಿಲ್ಲುವುದೂ ಇಲ್ಲ, ಅವನಿಗೆ ಕೇಳುವಂತೆ ಮಾತಾಡುವುದೂ ಇಲ್ಲ. ನಮ್ಮ ಮನೆಯ ರೀತಿಯೇ ಹಾಗಿತ್ತು. ನನಗೆ ಅವರ ಕೆರವಿನ ಸಪ್ಪಳದ ಗುರುತಿತ್ತು, ಕೆಮ್ಮಿನ ಗುರುತಿತ್ತು, ಮುಖವನ್ನು ಸೆರಗಿನ ಸಂದಿಯಿಂದ ನೋಡಿದ್ದಷ್ಟೇ. ಆದ್ದರಿಂದ ಒಂದು ಏರ್ಪಾಡಾಯಿತು. ಮಾವನವರು ಬಾಗಿಲ ಆಚೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂರುವುದು, ನಾನು ಈಚೆ ನಡುಮನೆಯಲ್ಲಿ ಕೂರುವುದು, ಅವರು ಹೇಳಿದಂತೆ ಅತ್ತೆ ತಿಕ್ಕುವುದು. ಕೊರಳ ಪಟ್ಟಿಯನ್ನು ಮೊದಲ ದಿನವೇ ಬಿಚ್ಚಿ ಎಸೆದರು.

“ಹೆಬ್ಬಟ್ಟ ಊರು. ಮ್ಯಾಲಿಂದ ಕೆಳಗ ತಾ” ಎಂದು ಆಚೆಯಿಂದ ದನಿ ಬರುತ್ತಿತ್ತು. ಅತ್ತೆಯ ಹೆಬ್ಬೆರಳು ತೋಳಿನ ಮುಂಭಾಗದಲ್ಲಿ ಇಳಿಯುತ್ತಿತ್ತು. ನನಗೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದೆ. ಮಾವನಿಗೆ ದನಿ ಕೇಳಿಸಿತು ಎಂದರೆ ಮರ್ಯಾದೆ ಏನು ಉಳಿಯಿತು? ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಮತ್ತೆ ಹೇಳುತ್ತಿದ್ದರು: “ಒತ್ತು ಇನ್ನ ಒಳಗ ಹತ್ತಿಲ್ಲ. ಜೋರ ಹಾಕು.” ಅತ್ತೆ ಜೋರು ಹಾಕುತ್ತಿದ್ದರು. ಪಾಪ, ಅವರ ಕಣ್ಣಲ್ಲೂ ನೀರಿರುತ್ತಿತ್ತು. ತಿಕ್ಕಿದ್ದಾದ ಮೇಲೆ ನೀರು ತುಂಬಿದ ಬಕೀಟನ್ನು ಅದೇ ಕೈಗೆ ತೂಗುಹಾಕಿ ನಿಲ್ಲಿಸುತ್ತಿದ್ದರು, ಭಾರಕ್ಕೆ ಕೈ ನೆಟ್ಟಗಾಗಲಿ ಎಂದು. ಓಣಿಯವರ ಮುಂದೆ ಅತ್ತೆ ಹೊಗಳುತ್ತಿದ್ದರು: “ನನ್ನ ಸೊಸಿ ಒಂದ ಉಸಿರ ಬಿಟ್ಟಿಲ್ರಿ.” ಆ ಹೊಗಳಿಕೆ ಬೇರೆ ನನ್ನ ಬಾಯಿ ಹೊಲಿದುಬಿಟ್ಟಿತ್ತು.

ಕೈ ಮಾತ್ರ ದಿನದಿನಕ್ಕೆ ಕುಗ್ಗುತ್ತ ಬಂತು. ಮೊದಮೊದಲು ಎದೆಯ ತನಕ ಏರುತ್ತಿದ್ದುದು ದೀಪಾವಳಿ ಬರುವಷ್ಟರಲ್ಲಿ ಹೊಟ್ಟೆಯ ನೇರಕ್ಕೆ ನಿಂತುಬಿಟ್ಟಿತು. ಚಾಚಲೂ ಬರುವುದಿಲ್ಲ, ಮಡಚಲೂ ಬರುವುದಿಲ್ಲ. ತೋಳಿನ ಮುಂಭಾಗದಲ್ಲಿ ಒಂದು ಗಂಟು ಕೈಗೆ ಸಿಗುತ್ತಿತ್ತು, ಗಟ್ಟಿಯಾಗಿ. ಜೋಳದ ಹಿಟ್ಟು ನಾದುವುದಿರಲಿ, ರೊಟ್ಟಿ ಬಡಿಯುವುದಿರಲಿ, ತುತ್ತು ಬಾಯಿಗೆ ತಲುಪುತ್ತಿರಲಿಲ್ಲ. ಎಡಗೈಯಿಂದ ಉಣ್ಣುವಾಗ ನಾನು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಕೈ ಹೀಗೇ ಉಳಿದರೆ ನನ್ನನ್ನು ತವರಿಗೆ ಬಿಟ್ಟು ಬರುತ್ತಾರೆ ಎಂಬ ಹೆದರಿಕೆ ಒಂದು. ಬಿಟ್ಟು ಬರದೆ ಇಟ್ಟುಕೊಂಡು ಬದುಕಿರುವ ತನಕ ತಿಕ್ಕುತ್ತಾರೆ ಎಂಬ ಹೆದರಿಕೆ ಇನ್ನೊಂದು. ಯಾವುದು ದೊಡ್ಡದೆಂದು ಹೇಳಲಾರೆ.

ದೀಪಾವಳಿಗೆ ತವರಿಗೆ ಹೋದಾಗ ನನ್ನ ಅವ್ವ ನಾನು ಎಡಗೈಯಿಂದ ಉಣ್ಣುವುದನ್ನು ನೋಡಿದಳು. ತಾಟು ಅಲ್ಲೇ ಬಿಡಿಸಿ ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ಗಂಟಿನ ಮೇಲೆ ಬೆರಳಿಟ್ಟು ತಕ್ಷಣ ತೆಗೆದರು. “ಮಾಲಿಶ್ ಯಾರ ಮಾಡ್ಯಾರ?” ಎಂದರು. ಆಮೇಲೆ ಗುಲ್ಬರ್ಗಕ್ಕೆ ಕಳಿಸಿ ಎಲುಬಿನ ಫೋಟೋ ತೆಗೆಸಿದರು. ಎಲುಬು ಇರಬಾರದ ಜಾಗದಲ್ಲಿ, ಬರೀ ಮಾಂಸ ಇರಬೇಕಾದ ಕಡೆ, ಬಿಳಿಯ ಮೋಡದಂಥ ಕಲೆ ಬಿದ್ದಿತ್ತು.

“ಪೆಟ್ಟ ಬಿದ್ದ ಸ್ನಾಯು ತಿಕ್ಕಿ ತಿಕ್ಕಿ ಮಾಂಸದಾಗ ಎಲುಬ ಬೆಳಿಯಾಕತ್ತದ” ಎಂದರು ಡಾಕ್ಟರು, ಫೋಟೋ ನೋಡಿ. ಒಳಗೊಳಗೇ ನಾನು ಕಲ್ಲಾಗುತ್ತಿದ್ದೇನೆ, ತೋಳಿನಿಂದ ಭುಜಕ್ಕೆ, ಭುಜದಿಂದ ಕೊರಳಿಗೆ ಅದು ಏರಿಬರುತ್ತದೆ ಎಂದುಕೊಂಡೆ. ಹಾಗಾಗುವುದಿಲ್ಲ ಎಂದು ಅವರು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಡಾಕ್ಟರು ನನ್ನ ಎಡಗೈಯನ್ನು ಮಡಚಿಸಿ, ತೋಳಿನ ಮುಂದೊಂದು ಹಿಂದೊಂದು ಅವ್ವನ ಕೈ ಇಡಿಸಿದರು.

“ಈಗ ಮುಂದಿಂದು ಗಟ್ಟಿ ಆತೇನು? ಹಿಂದಿಂದು ಮೆತ್ತಗ ಅದ. ಈಗ ಕೈ ಚಾಚು ಬೇಟಿ, ನಾ ಅಡ್ಡ ಹಿಡೀತೀನಿ. ನೋಡ್ರಿ, ಹಿಂದಿಂದು ಗಟ್ಟಿ ಆತು, ಮುಂದಿಂದು ಬಿಟ್ಟಿತು. ಸ್ನಾಯುಗೆ ಎಳೀಲಿಕ್ಕಷ್ಟೇ ಬರ್ತದ, ನೂಕಲಿಕ್ಕ ಬರಾಂಗಿಲ್ಲ. ಅದಕ್ಕೇ ಜೋಡಿ ಇರ್ತಾವ. ಒಂದು ಎಳೀಬೇಕಾದ್ರ ಇನ್ನೊಂದು ಬಿಡಬೇಕು. ಕೀಲು ಅಂದ್ರ ಬರೇ ಬಾಗಿಲದ ಬಿಜಾಗ್ರಿ, ತಾನಾಗಿ ಏನೂ ಮಾಡಾಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀ ಹೆದರಿದ್ರ ಎರಡೂ ಕೂಡೇ ಎಳೀತಾವ. ಎರಡ ಎತ್ತು ಎದುರಾಬದುರಾ ಎಳದ್ರ ಬಂಡಿ ಎಲ್ಲಿಗಿ ಹೋಗ್ತದ?” ಎಂದರು.

ಕೈಯನ್ನು ಇನ್ನು ಯಾರೂ ಮುಟ್ಟಬಾರದು. ಕೆಲವು ವಾರ ಪೂರ್ತಿ ವಿಶ್ರಾಂತಿ. ಆಮೇಲೆ ನಾನೇ, ನನ್ನ ಸ್ನಾಯುವಿನಿಂದಲೇ, ನೋವು ಬರುವ ತನಕ ಮಾತ್ರ ಎತ್ತಿ ಇಳಿಸಬೇಕು. ಬೇರೆಯವರು ಎತ್ತಿದರೆ ಸ್ನಾಯು ಹೆದರಿ ಬಿಗಿಯುತ್ತದೆ, ಹರಿಯುತ್ತದೆ, ಇನ್ನಷ್ಟು ಎಲುಬಾಗುತ್ತದೆ. ಕೈ ಪೂರ್ತಿ ಬರುತ್ತದೆಯೇ ಎಂದು ಅವ್ವ ಕೇಳಿದ್ದಕ್ಕೆ ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಹುಮನಾಬಾದಿನ ಬಸ್ಸಿನಲ್ಲಿ ಇದನ್ನೆಲ್ಲ ನನ್ನನ್ನು ಕರೆದೊಯ್ಯಲು ಬಂದ ಗಂಡನಿಗೆ ಹೇಳಿದೆ. “ಅಪ್ಪಗ ನಾ ಹ್ಯಾಂಗ ಹೇಳ್ಲಿ? ತಾಲೀಮಿನ ಗುರುಗಳಿಗಿ ಕೀಲಿನ ಪಾಠ ಹೇಳಬೇಕೇನು?” ಎಂದರು. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಹುಲಿಯಾಗುವ ಈ ಮನುಷ್ಯ ಅಪ್ಪನ ಮುಂದೆ ಬೆಕ್ಕು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ನಾನೇ ಹೇಳುತ್ತೇನೆ ಎನ್ನುವ ಧೈರ್ಯ ಎಲ್ಲಿತ್ತು? ನಾನೂ ಕಿಟಕಿಯ ಆಚೆ ನೋಡುತ್ತ ಕೂತೆ.

ಬೆಳಿಗ್ಗೆ ಎಂದಿನಂತೆ ಎಣ್ಣೆ ಕಾಯಿತು. ಆಚೆ ಮಾವನವರು ಕೆಮ್ಮಿ ಗೋಡೆಗೆ ಒರಗಿದರು. ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಗಂಡನ ಮುಖ ನೋಡಿದೆ. ಅವರು ಚಪ್ಪಲಿ ಹುಡುಕುವ ನೆಪದಲ್ಲಿ ಹಿತ್ತಲಿಗೆ ನಡೆದರು. ಅತ್ತೆಯ ಹೆಬ್ಬೆರಳು ಗಂಟಿನ ಮೇಲೆ ಊರಿತು. ಬಿಳಿಯ ಮೋಡ ಕಣ್ಣ ಮುಂದೆ ಬಂತು, ಬೆಳೆಯುತ್ತಿರುವುದು, ಏರುತ್ತಿರುವುದು.

“ಬ್ಯಾಡ್ರೀ ಮಾವಾ! ನೋಯ್ತದ್ರೀ!”

ಓಣಿಗೆಲ್ಲ ಕೇಳಿಸಿರಬೇಕು. ಅತ್ತೆ ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. ನಾನು ಸೆರಗಿನೊಳಗೆ ಮುದುಡಿ ಕೂತೆ, ಈಗ ಬೈಗುಳ ಬರುತ್ತದೆ, ಈಗ ನನ್ನ ಪೆಟ್ಟಿಗೆ ಕಟ್ಟಿಸುತ್ತಾರೆ ಎಂದು.

“ಯಾರ ಒದರಿದ್ದು?” ಎಂದರು ಮಾವನವರು.

“ನಿಮ್ಮ ಸೊಸಿ” ಎಂದರು ಅತ್ತೆ, ಅಪರಾಧ ತಮ್ಮದೇ ಎಂಬಂತೆ.

“ಮೊದಲಿಂದ ನೋಯ್ತಿತ್ತೇನು?”

ಅತ್ತೆ ನನ್ನ ಕಡೆ ನೋಡಿದರು. ಉತ್ತರ ನಾನೇ ಕೊಡಬೇಕಾಗಿತ್ತು. “ಹೌದ್ರಿ. ಮೊದಲನೇ ದಿನದಿಂದ್ರಿ.”

ಮಾವನವರ ದನಿ ಇಳಿದಿತ್ತು. “ತಾಲೀಮಿನ್ಯಾಗ ಕೈ ಹಿಡದ್ರ ಆಳು ಒದರತಾನ. ಒದರಿದಲ್ಲಿಗಿ ಬಿಡಬೇಕು, ಅದ ಲೆಕ್ಕ. ನಾ ಇಲ್ಲಿ ಕುಂತು ಅದನ್ನ ಕೇಳಾಕತ್ತಿದ್ದೆ. ನೀ ಒದರಲೇ ಇಲ್ಲ. ಇನ್ನ ಹತ್ತಿಲ್ಲ ಅಂತ ತಿಳಕೊಂಡೆ.”

ಆಗ ನಾನು ಡಾಕ್ಟರು ಹೇಳಿದ್ದನ್ನೆಲ್ಲ ಬಾಗಿಲಿಗೆ ಮುಖ ಮಾಡಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಕೇಳಿ ಮುಗಿಸಿ ಅವರು ಎದ್ದರು. ಹೊಸ್ತಿಲು ದಾಟಿ ನಡುಮನೆಗೆ ಬಂದರು. ನಾನು ಇರುವಾಗ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. “ಕೈ ಇಡು” ಎಂದರು. ಮುಖ ಮುಚ್ಚಿಕೊಂಡು ಕೈ ಒಡ್ಡಿದೆ. ಎರಡು ಬೆರಳು ಗಂಟಿನ ಮೇಲೆ ಬಂದು ಕೂತವು, ಇದ್ದೂ ಇಲ್ಲದಷ್ಟು ಹಗುರಾಗಿ. ಆಮೇಲೆ ಆ ಬೆರಳುಗಳು ಅದುರತೊಡಗಿದವು. ಎಷ್ಟೋ ಮಂದಿಯ ಕೀಲುಗಳನ್ನು ಸಲೀಸಾಗಿ ಬಿಡಿಸಿದ ಮನುಷ್ಯ ನನ್ನ ಕೈಗೆ ಹೆದರಿದ್ದರು. ಅದಕ್ಕಿಂತ ದೊಡ್ಡ ಹೆದರಿಕೆ ನನಗೆ ಆ ತನಕ ಆಗಿರಲಿಲ್ಲ. “ಎಣ್ಣಿ ತೆಗದ ಒಳಗಿಡು” ಎಂದು ಅತ್ತೆಗೆ ಹೇಳಿ ಹೊರಗೆ ಹೋದರು.

ವಿಶ್ರಾಂತಿಯ ವಾರಗಳು ಕಳೆದ ಮೇಲೆ ನನ್ನ ವ್ಯಾಯಾಮ ಶುರುವಾಯಿತು. ಮೊದಲು ಕೈ ಅಲುಗಿಸದೆ ಮುಂದಿನ ಸ್ನಾಯುವನ್ನು ಬಿಗಿ ಮಾಡುವುದು, ಬಿಡುವುದು. ಬಿಗಿ ಮಾಡುವುದು ಯಾರಿಗೂ ಬರುತ್ತದೆ. ಬಿಡುವುದು ಕಷ್ಟ. ಮಡಚಲು ಹೊರಟ ಕೂಡಲೇ ತೋಳಿನ ಹಿಂಭಾಗ ತಾನೂ ಎದ್ದು ಎಳೆಯುತ್ತಿತ್ತು, ನನ್ನನ್ನು ಕಾಪಾಡುವವನಂತೆ. ಎಡಗೈಯನ್ನು ಅಲ್ಲಿ ಇಟ್ಟು, ಬಾಯಿಯಿಂದ ಉಸಿರು ಬಿಡುತ್ತ, ಬಿಡು ಮಾರಾಯಾ ಬಿಡು ಎಂದು ಅದನ್ನು ರಮಿಸುತ್ತ ಕೂರುತ್ತಿದ್ದೆ. ಅದು ಸಡಿಲಿಸಿದಾಗ ಮೊಣಕೈ ಎಳ್ಳಿನಷ್ಟು ಸರಿಯುತ್ತಿತ್ತು. ಒಳಗೆ ಏನಾದರೂ ಕಟ್ ಎಂದು ಸದ್ದಾದರೆ ಜೀವ ಬಾಯಿಗೆ ಬರುತ್ತಿತ್ತು. ಹರಿಯಿತೇನೋ, ಮತ್ತೆ ಬೆಳೆಯುತ್ತದೇನೋ ಎಂದು ಅಂದಿನ ಊಟವೇ ಸೇರುತ್ತಿರಲಿಲ್ಲ.

ಮಾವನವರು ತಮ್ಮ ಜಾಗ ಬಿಡಲಿಲ್ಲ. ಬಾಗಿಲ ಆಚೆ ಒರಗಿ ಕೂರುತ್ತಿದ್ದರು, ಆದರೆ ಒತ್ತು ಎನ್ನುವ ಮಾತಿಲ್ಲ. “ನೋವಾದ್ರ ಒದರಬೇಕು ಮತ್ತ” ಎಂದಷ್ಟೇ. ಸೊಸೆ ಒದರಬೇಕೆಂದು ಮಾವ ಅಪ್ಪಣೆ ಕೊಟ್ಟ ಮನೆ ಹುಮನಾಬಾದಿನಲ್ಲಿ ನಮ್ಮದೊಂದೇ ಇದ್ದಿರಬೇಕು. ಕೊನೆಗೆ ಕೇಳುತ್ತಿದ್ದರು: “ಇವತ್ತ ಎಲ್ಲಿಗಿ ಬಂತು?” ಎದಿಗಿ ಬಂತ್ರಿ ಎನ್ನುತ್ತಿದ್ದೆ. ವಾರಗಟ್ಟಲೆ ಎದಿಗೇ ಬಂತ್ರಿ. ನಿನ್ನೆಯ ಉತ್ತರವನ್ನೇ ಇಂದೂ ಹೇಳಬೇಕಾದಾಗ ನಾನು ದನಿ ತಗ್ಗಿಸುತ್ತಿದ್ದೆ, ಆಚೆ ಅವರು ಕೆಮ್ಮುತ್ತಿದ್ದರು. ಅವರು ಈಗ ಯಾರ ಕೀಲಿಗೂ ಕೈ ಹಾಕುತ್ತಿಲ್ಲ, ಕೊಹಿನೂರು ಗ್ರಾಮದಿಂದ ಬಂದವರನ್ನೂ ದವಾಖಾನೆಗೆ ಕಳಿಸಿದರು ಎಂದು ಅತ್ತೆ ಪಿಸುಗುಟ್ಟಿದರು.

ಕೈ ಇಂದಿಗೂ ಪೂರ್ತಿ ನೆಟ್ಟಗಾಗಿಲ್ಲ. ಆದರೆ ಮಡಚುವುದು ಬಂತು. ಬೇಸಿಗೆ ಕಾಲಿಟ್ಟ ಒಂದು ಬೆಳಿಗ್ಗೆ ಹಿಂದಿನ ಸ್ನಾಯು ಯಾಕೋ ಜಗಳವಾಡದೆ ಬಿಟ್ಟುಕೊಟ್ಟಿತು, ಬೆರಳ ತುದಿ ತುಟಿಗೆ ತಾಗಿತು. ನಾನು ಅಲುಗಾಡಲಿಲ್ಲ.

“ಎಲ್ಲಿಗಿ ಬಂತು?”

“ಬಾಯಿಗಿ ಬಂತ್ರಿ.”

“ನನ್ನ ಸಮಾಧಾನಕ್ಕ ಹೇಳಬ್ಯಾಡ” ಎಂದರು. ಆಮೇಲೆ ಅತ್ತೆಗೆ, “ಆಕಿ ಕೈಯಾಗ ಒಂದ ಕಟಕ ರೊಟ್ಟಿ ಕೊಡು. ಕಡದದ್ದು ನನಗ ಕೇಳಬೇಕು” ಎಂದರು.

ಅತ್ತೆ ಬುಟ್ಟಿಯಿಂದ ಒಣರೊಟ್ಟಿಯ ಚೂರೊಂದನ್ನು ತಂದು ನನ್ನ ಬಲಗೈಗೆ ಕೊಟ್ಟರು. ಎತ್ತಿದೆ. ಗದ್ದದ ಹತ್ತಿರ ಕೈ ಸಿಕ್ಕಿಕೊಂಡಿತು. ಉಸಿರು ಬಿಟ್ಟೆ. ಮತ್ತೆ ಎತ್ತಿದೆ. ಹಲ್ಲಿಗೆ ರೊಟ್ಟಿ ಸಿಕ್ಕಿತು. ಕರ್ರೆಂದು ಕಡಿದೆ.

ಬಾಗಿಲ ಆಚೆಯಿಂದ ಮಾವನವರ ದನಿ, ಎಂದೂ ಕೇಳಿರದಷ್ಟು ಸಣ್ಣಗೆ: “ಇನ್ನೊಮ್ಮಿ ಕಡಿ.”

ಇಳಿಸಿದರೆ ಮತ್ತೆ ಏರುತ್ತದೋ ಇಲ್ಲವೋ ಎಂದು ನನಗೆ ಭಯವಾಯಿತು. ಆದರೂ ಕೈಯನ್ನು ತೊಡೆಯ ತನಕ ಇಳಿಸಿ, ಮತ್ತೆ ಎತ್ತಿ, ಅವರಿಗೆ ಕೇಳುವ ಹಾಗೆ ಕಡಿದೆ.